ಎರಡು ಗುಡ್ಡ, ಒಬ್ಬ ಸೂರ್ಯ, ಒಂದು ‘ಸ್ಕಿನ್ ಕಲರ್’

ಕರ್ನಾಟಕದ ಯಾವುದಾದರೂ ಪ್ರಾಥಮಿಕ ಶಾಲೆಗೆ ಹೋಗಿ, ಮಕ್ಕಳ ಕೈಗೆ ಬಿಳಿ ಹಾಳೆ ಕೊಟ್ಟು, ‘ನಿಮಗಿಷ್ಟ ಬಂದ ಚಿತ್ರ ಬರೆಯಿರಿ’ ಎನ್ನಿ. ಸ್ವಲ್ಪ ಹೊತ್ತಿಗೆ ಹೆಚ್ಚಿನ ಹಾಳೆಗಳಲ್ಲಿ ತ್ರಿಕೋನದ ಎರಡು ಗುಡ್ಡ ಎದ್ದಿರುತ್ತವೆ. ನಡುವೆ ಅರ್ಧ ಸೂರ್ಯ, ಸುತ್ತ ಕಡ್ಡಿ ಜೋಡಿಸಿಟ್ಟ ಹಾಗೆ ಕಿರಣ. ಗುಡ್ಡದ ಬುಡದಿಂದ ಹೊರಟ ನದಿ, ದಂಡೆಯಲ್ಲೊಂದು ಹೆಂಚಿನ ಮನೆ, ಮನೆಗೊಂದು ತೆಂಗಿನ ಮರ, ಆಕಾಶದಲ್ಲಿ ನಾಲ್ಕು ಹಕ್ಕಿ. ಮಡಿಕೇರಿಯ ಮಗು ಇದನ್ನು ಬರೆದರೆ ಸರಿ. ಇಂಡಿ, ಸಿಂದಗಿಯ ಕಡೆ ಕಣ್ಣು ಹಾಯುವಷ್ಟು ದೂರ ಎರೆಹೊಲವೇ ಇರುವ ಊರಿನ ಮಗುವೂ ಇದನ್ನೇ ಬರೆಯುತ್ತದೆ. ಕಿಟಕಿಯಾಚೆ ಕಾಣುವ ಜೋಳದ ತೆನೆ, ಮಾಳಿಗೆ ಮನೆ, ಬೇವಿನ ಮರ ಯಾವುವೂ ಹಾಳೆಗೆ ಇಳಿಯುವುದಿಲ್ಲ.

ಅದೇ ಮಕ್ಕಳಿಗೆ ಮನುಷ್ಯರ ಚಿತ್ರ ಬರೆಯಲು ಹೇಳಿದರೆ ಇನ್ನೊಂದು ಮಾತು ಕಿವಿಗೆ ಬೀಳುತ್ತದೆ: ‘ಏಯ್, ಸ್ಕಿನ್ ಕಲರ್ ಕೊಡೇ.’ ಕೇಳುವ ಕೈಯೂ ಕಂದು, ಕೊಡುವ ಕೈಯೂ ಕಂದು. ಕೈ ಬದಲಾಗುವ ಕ್ರಯಾನ್ ಮಾತ್ರ ನಸುಗುಲಾಬಿ. ರಾಕ್ಷಸನನ್ನು ಬರೆಯಿರಿ ಎಂದರೆ ಪೆಟ್ಟಿಗೆಯಲ್ಲಿ ಹುಡುಕಾಟವೇ ಇಲ್ಲ, ಕೈ ನೇರ ಕಪ್ಪಿಗೆ ಹೋಗುತ್ತದೆ.

ಅಮೆರಿಕದ ಕ್ರಯೋಲಾ ಕಂಪನಿ ತನ್ನ ಇಂಥದೇ ಬಣ್ಣವೊಂದಕ್ಕೆ ‘ಫ್ಲೆಶ್’ ಎಂದು ಹೆಸರಿಟ್ಟಿತ್ತು. 1962ರಲ್ಲಿ ಅದನ್ನು ‘ಪೀಚ್’ ಎಂದು ಬದಲಿಸಿತು. 2020ರಲ್ಲಿ 24 ಬಗೆಯ ಮೈಬಣ್ಣಗಳ ಪ್ರತ್ಯೇಕ ಪೆಟ್ಟಿಗೆಯನ್ನೇ ಮಾರುಕಟ್ಟೆಗೆ ಬಿಟ್ಟಿತು. ನಮ್ಮಲ್ಲೂ ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಕಾನೂನು ವಿದ್ಯಾರ್ಥಿಯೊಬ್ಬರು ಕ್ರಯಾನ್ ಮೇಲಿನ ‘ಸ್ಕಿನ್’ ಎಂಬ ಹೆಸರಿನ ವಿರುದ್ಧ ಗ್ರಾಹಕರ ವೇದಿಕೆಯ ಮೆಟ್ಟಿಲೇರಿದ್ದರು. ಲೇಬಲ್ ಏನೇ ಇರಲಿ, ತರಗತಿಯ ಬಾಯಲ್ಲಿ ಅದು ಈಗಲೂ ಸ್ಕಿನ್ ಕಲರೇ.

ಶಾಲೆಗಳು ಈ ಎರಡು ವಿಷಯಗಳನ್ನು ಬೇರೆ ಬೇರೆ ಪೀರಿಯಡ್‌ಗೆ ಹಂಚಿವೆ. ಸೃಜನಶೀಲತೆ ಬೇಕೆಂದರೆ ಡ್ರಾಯಿಂಗ್, ಕ್ರಾಫ್ಟ್. ರೂಪ ನೋಡಿ ಜನರನ್ನು ಅಳೆಯಬಾರದು ಎನ್ನಲು ಮೌಲ್ಯಶಿಕ್ಷಣ. ಎರಡನ್ನೂ ಕೆಡಿಸುವುದು ಮಾತ್ರ ಒಂದೇ ರೂಢಿ: ಮೊದಲು ಹೊಳೆದ ಉತ್ತರಕ್ಕೇ ನಿಂತುಬಿಡುವುದು. ಬೆಟ್ಟ ಎಂದರೆ ತ್ರಿಕೋನ, ದಪ್ಪ ಕನ್ನಡಕದವನು ಎಂದರೆ ಸೋಡಾಬುಡ್ಡಿ, ಮಾಸಿದ ಬಟ್ಟೆ ಎಂದರೆ ದಡ್ಡ. ಇನ್ನೊಂದು ಉತ್ತರವೂ ಇರಬಹುದೆಂದು ಒಂದು ಗಳಿಗೆ ತಡೆಯುವ ಅಭ್ಯಾಸ ಮಗುವಿಗೆ ಬಂದರೆ ಚಿತ್ರದ ಹಾಳೆಯೂ ಬದಲಾಗುತ್ತದೆ, ಪಕ್ಕದಲ್ಲಿ ಕೂತ ಹುಡುಗನನ್ನು ನೋಡುವ ಬಗೆಯೂ ಬದಲಾಗುತ್ತದೆ.

ಮಕ್ಕಳ ಮನಸ್ಸು ಖಾಲಿ ಹಲಗೆ, ದೊಡ್ಡವರು ಬರೆಯುವ ತನಕ ಅದರಲ್ಲಿ ಭೇದಭಾವವೇ ಇರುವುದಿಲ್ಲ ಎಂಬ ನಂಬಿಕೆ ಸುಂದರವಾಗಿದೆ. ಆದರೆ ಪೂರ್ತಿ ನಿಜವಲ್ಲ. ಟೆಕ್ಸಾಸ್ ವಿಶ್ವವಿದ್ಯಾಲಯದ ರೆಬೆಕ್ಕಾ ಬಿಗ್ಲರ್ ಮತ್ತು ಅವರ ಸಂಗಡಿಗರು ಇದನ್ನು ಬಹಳ ಸರಳವಾಗಿ ಪರೀಕ್ಷಿಸಿದ್ದಾರೆ. 2006ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಮೂರರಿಂದ ಐದು ವರ್ಷದ ಮಕ್ಕಳಿಗೆ ಕೆಂಪು ಅಥವಾ ನೀಲಿ ಟೀ ಶರ್ಟ್ ಹಂಚಲಾಯಿತು. ಮಕ್ಕಳು ಮೂರು ವಾರ ಶಾಲೆಯಲ್ಲಿ ಅದನ್ನು ತೊಟ್ಟರು. ಕೆಲವು ತರಗತಿಗಳಲ್ಲಿ ಶಿಕ್ಷಕರು ಶರ್ಟಿನ ಬಣ್ಣದ ಸುದ್ದಿಯನ್ನೇ ಎತ್ತಲಿಲ್ಲ. ಇನ್ನು ಕೆಲವು ತರಗತಿಗಳಲ್ಲಿ ಮಕ್ಕಳನ್ನು ಕರೆಯುವಾಗ, ವಿಂಗಡಿಸುವಾಗ ‘ಕೆಂಪಿನವರು’, ‘ನೀಲಿಯವರು’ ಎಂದು ಬಣ್ಣ ಹಿಡಿದೇ ಕರೆದರು. ಯಾರೂ ಒಂದು ಬಣ್ಣವನ್ನು ಹೊಗಳಲಿಲ್ಲ, ಇನ್ನೊಂದನ್ನು ತೆಗಳಲಿಲ್ಲ.

ಮೂರು ವಾರ ಕಳೆಯುವಷ್ಟರಲ್ಲಿ, ಬಣ್ಣದ ಹೆಸರು ಹಿಡಿದು ಕರೆದ ತರಗತಿಗಳ ಮಕ್ಕಳಲ್ಲಿ ‘ನಮ್ಮ ಬಣ್ಣದವರೇ ಒಳ್ಳೆಯವರು’ ಎಂಬ ಪಕ್ಷಪಾತ ಎದ್ದು ಕಂಡಿತು. ಸುಮ್ಮನಿದ್ದ ತರಗತಿಗಳಲ್ಲಿ ಅದು ಅಷ್ಟು ಬಲವಾಗಿರಲಿಲ್ಲ. ಇಲ್ಲಿ ದ್ವೇಷದ ಪಾಠವನ್ನು ಯಾರೂ ಮಾಡಿರಲಿಲ್ಲ. ದೊಡ್ಡವರು ಪದೇ ಪದೇ ಎತ್ತಿ ತೋರಿಸಿದ ಗುರುತಿಗೆ ಏನೋ ಅರ್ಥ ಇರಲೇಬೇಕು ಎಂದು ಮಕ್ಕಳೇ ಲೆಕ್ಕ ಹಾಕಿಕೊಂಡರು. ಅರ್ಥ ಕಾಣದೆ ಹೋದಾಗ ತಾವೇ ಒಂದನ್ನು ತುಂಬಿಕೊಂಡರು.

ಈ ಚರ್ಚೆ ಬಂದಾಗಲೆಲ್ಲ ಅಯೋವಾ ರಾಜ್ಯದ ರೈಸ್‌ವಿಲ್ ಊರಿನ ಶಿಕ್ಷಕಿ ಜೇನ್ ಎಲಿಯಟ್ ಅವರ ಹೆಸರು ಹೇಳುವುದು ವಾಡಿಕೆ. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಮರುದಿನ, 1968ರ ಏಪ್ರಿಲ್ 5ರಂದು, ಅವರು ಮೂರನೇ ತರಗತಿಯ ಮಕ್ಕಳನ್ನು ಕಣ್ಣಿನ ಬಣ್ಣದ ಮೇಲೆ ಮೇಲು ಕೀಳು ಎಂದು ವಿಂಗಡಿಸಿ, ಆಮೇಲೆ ಅದನ್ನು ತಿರುಗಿಸಿ, ಅವಮಾನದ ರುಚಿ ತೋರಿಸಿದರು. ಆ ಪ್ರಯೋಗಕ್ಕೆ ನಾಟಕದ ಬಿಸಿ ಇದೆ. ಎಂಟು ವರ್ಷದ ಮಕ್ಕಳನ್ನು ಅಳಿಸಿ ಪಾಠ ಕಲಿಸಬೇಕೇ ಎಂಬ ತಕರಾರೂ ಅಂದಿನಿಂದ ಇದೆ. ದಿನನಿತ್ಯದ ಶಾಲೆಗೆ ಬಿಗ್ಲರ್ ಅವರ ಶರ್ಟೇ ಹೆಚ್ಚು ಪಾಠ ಹೇಳುತ್ತದೆ. ಏಕೆಂದರೆ ಅಲ್ಲಿ ಆದದ್ದು ನಮ್ಮ ಶಾಲೆಗಳಲ್ಲಿ ದಿನಾ ಆಗುತ್ತಲೇ ಇದೆ. ‘ಫೀಸ್ ಕಟ್ಟದವರು ಎದ್ದು ನಿಲ್ಲಿ’, ‘ಸ್ಕಾಲರ್‌ಶಿಪ್‌ನವರು ಈ ಕಡೆ ಬನ್ನಿ’, ‘ಕಪ್ಪು ಶೂ ಇಲ್ಲದವರು ಹಿಂದಿನ ಸಾಲಿಗೆ’. ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಕ್ಕಿಲ್ಲ, ರಿಜಿಸ್ಟರ್ ಮುಗಿಸುವ ಅವಸರ ಅಷ್ಟೇ. ಕೂತು ನೋಡುವ ಮಕ್ಕಳು ಮಾತ್ರ ಬೇರೆಯದೇ ರಿಜಿಸ್ಟರ್ ಬರೆದುಕೊಳ್ಳುತ್ತಿರುತ್ತಾರೆ.

2012ರಲ್ಲಿ ಬೆಂಗಳೂರಿನ ಖಾಸಗಿ ಶಾಲೆಯೊಂದರಲ್ಲಿ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಅಡಿ ಸೇರಿದ ಮಕ್ಕಳನ್ನು ಗುರುತಿಸಲು ಅವರ ತಲೆಗೂದಲಿನ ಒಂದು ಕುಚ್ಚು ಕತ್ತರಿಸಲಾಗಿತ್ತು ಎಂಬ ಆರೋಪ ಕೇಳಿಬಂದು ದೊಡ್ಡ ಸುದ್ದಿಯಾಗಿತ್ತು. ಅಂಥದ್ದಕ್ಕೆ ಎಲ್ಲರೂ ಸಿಟ್ಟಾಗುತ್ತಾರೆ. ಕತ್ತರಿಯಿಲ್ಲದೆ ಹಚ್ಚುವ ಗುರುತುಗಳು ಸುದ್ದಿಯಾಗುವುದೇ ಇಲ್ಲ.

ಅವು ಶುರುವಾಗುವುದು ಶಾಲೆಗೂ ಮೊದಲು, ಮನೆಯಲ್ಲಿ. ಗರ್ಭಿಣಿಗೆ ಕೇಸರಿ ಹಾಲು ಕುಡಿಸುವಾಗಲೇ ಮಗುವಿನ ಬಣ್ಣದ ಬಗ್ಗೆ ಮನೆಮಂದಿಯ ಅರ್ಜಿ ದಾಖಲಾಗಿರುತ್ತದೆ. ಹೆರಿಗೆಯಾದ ಸುದ್ದಿ ಬಂದೊಡನೆ ‘ಗಂಡೋ ಹೆಣ್ಣೋ’ ಆದ ಮೇಲಿನ ಪ್ರಶ್ನೆ ‘ಬೆಳ್ಳಗಿದೆಯಾ?’ ಅಜ್ಜಿಯೋ ಅತ್ತೆಯೋ ತೊಟ್ಟಿಲಿಗೆ ಬಗ್ಗಿ, ‘ಅವರಪ್ಪನ ಬಣ್ಣವೇ ಬಂದುಬಿಟ್ಟಿದೆ, ಇರಲಿ ಬಿಡು, ಮುಖಲಕ್ಷಣ ಚೆನ್ನಾಗಿದೆ’ ಎಂದು ಸಮಾಧಾನದ ದನಿಯಲ್ಲಿ ಹೇಳುತ್ತಾರೆ. ಆಮೇಲೆ ಕರಿಯ, ಡುಮ್ಮಿ, ಕುಳ್ಳ, ಕಡ್ಡಿ. ಇವೆಲ್ಲ ಪ್ರೀತಿಯ ಹೆಸರುಗಳೇ ಎನ್ನುವವರಿದ್ದಾರೆ. ಇರಬಹುದು. ಆದರೆ ಮನೆಯಲ್ಲಿ ಪ್ರೀತಿಯಿಂದ ಅಂಟಿಸಿದ ಹೆಸರನ್ನು ಶಾಲೆಯ ಅಂಗಳದಲ್ಲಿ ಪ್ರೀತಿಯಿಂದ ಕೂಗುವವರು ಯಾರೂ ಇರುವುದಿಲ್ಲ.

ಶಿಕ್ಷಕರೂ ಈ ಜಾರುಬಂಡೆಯಿಂದ ಹೊರಗಿಲ್ಲ. 1973ರಲ್ಲಿ ಪ್ರಕಟವಾದ ಮಾರ್ಗರೆಟ್ ಕ್ಲಿಫರ್ಡ್ ಮತ್ತು ಎಲೇನ್ ವಾಲ್ಸ್ಟರ್ ಅವರ ಅಧ್ಯಯನದಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಐದನೇ ತರಗತಿಯ ಶಿಕ್ಷಕರಿಗೆ ಒಂದೇ ಅಂಕಪಟ್ಟಿ ಕಳಿಸಲಾಯಿತು. ಅದಕ್ಕೆ ಅಂಟಿಸಿದ ಫೋಟೊ ಮಾತ್ರ ಬೇರೆ ಬೇರೆ. ಲಕ್ಷಣವಾಗಿ ಕಾಣುವ ಮಗುವಿನ ಫೋಟೊ ಬಂದಾಗ, ಆ ಮಗು ಹೆಚ್ಚು ಬುದ್ಧಿವಂತ, ಅದರ ತಂದೆತಾಯಿಗೆ ಓದಿನ ಮೇಲೆ ಹೆಚ್ಚು ಆಸಕ್ತಿ ಎಂದು ಶಿಕ್ಷಕರು ಊಹಿಸಿದರು. ಅಂಕಗಳು ಅವೇ ಆಗಿದ್ದವು ಎಂಬುದು ನೆನಪಿರಲಿ.

ಹಾಗಾದರೆ ಮಕ್ಕಳೊಂದಿಗೆ ರೂಪದ ಮಾತನ್ನೇ ಆಡಬಾರದೇ? ಇಲ್ಲಿ ಒಳ್ಳೆಯ ಪೋಷಕರೇ ಎಡವುವುದು. ಸಾರಿಗೆ ಬಸ್ಸಿನಲ್ಲಿ ಐದು ವರ್ಷದ ಮಗು ಎದುರಿನ ಸೀಟಿನವರನ್ನು ನೋಡಿ ಎಲ್ಲರಿಗೂ ಕೇಳುವಂತೆ, ‘ಅಮ್ಮಾ, ಆ ಮಾಮನ ಕಾಲು ಎಲ್ಲಿ ಹೋಯ್ತು?’ ಎಂದುಬಿಡುತ್ತದೆ. ತಾಯಿ ತೊಡೆ ಚಿವುಟಿ, ‘ಶ್! ಹಾಗೆಲ್ಲ ಕೇಳಬಾರದು, ಸುಮ್ನೆ ಕೂತ್ಕೋ’ ಎನ್ನುತ್ತಾಳೆ. ಮಗು ಕೇಳಿದ್ದು ಮಾಹಿತಿ, ಸಿಕ್ಕಿದ್ದು ಚಿವುಟು. ಕಾಲಿಲ್ಲದಿರುವುದು ಮಾತಾಡಬಾರದಷ್ಟು ಕೆಟ್ಟ ಸಂಗತಿ ಎಂದು ಅದು ತಿಳಿದುಕೊಂಡರೆ ತಪ್ಪು ಅದರದ್ದಲ್ಲ. ‘ಗೊತ್ತಿಲ್ಲ ಪುಟ್ಟ. ಪೆಟ್ಟಾಗಿರಬಹುದು, ಹುಟ್ಟುವಾಗಲೇ ಹಾಗಿರಬಹುದು. ಮಾಮ ಆ ಕೋಲು ಹಿಡಿದು ಬಸ್ಸು ಹತ್ತಿದ್ದು ನೋಡಿದೆಯಾ?’ ಎಂದಿದ್ದರೆ ಸಾಕಿತ್ತು. ಅನೇಕ ಸಲ ಆ ಮಾಮನೇ ನಕ್ಕು ಮಾತಿಗೆ ಸೇರಿಕೊಳ್ಳುತ್ತಾನೆ.

ಸುಮ್ಮನಿರಿಸುವುದರಿಂದ ಭೇದ ಹೋಗುವುದಿಲ್ಲ ಎನ್ನುವುದಕ್ಕೆ ಆಧಾರವೂ ಇದೆ. 2010ರಲ್ಲಿ ಇವಾನ್ ಆಪ್ಫೆಲ್‌ಬಾಮ್ ಮತ್ತು ಸಂಗಡಿಗರು ಎಂಟರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಒಂದು ಕಥೆಪುಸ್ತಕದ ಎರಡು ಆವೃತ್ತಿ ಓದಿಸಿದರು. ಒಂದರಲ್ಲಿ ‘ವ್ಯತ್ಯಾಸಗಳನ್ನು ಗಮನಿಸೋಣ, ಗೌರವಿಸೋಣ’ ಎಂಬ ಧಾಟಿ, ಇನ್ನೊಂದರಲ್ಲಿ ‘ಬಣ್ಣವನ್ನು ನೋಡಲೇಬಾರದು, ಎಲ್ಲರೂ ಒಂದೇ’ ಎಂಬ ಧಾಟಿ. ಬಳಿಕ, ಬಣ್ಣದ ಕಾರಣಕ್ಕೆ ಒಬ್ಬ ಹುಡುಗನಿಗೆ ಸ್ಪಷ್ಟವಾಗಿ ಅನ್ಯಾಯವಾದ ಪ್ರಸಂಗ ಹೇಳಿದಾಗ, ಎರಡನೇ ಗುಂಪಿನಲ್ಲಿ ಅದನ್ನು ತಾರತಮ್ಯ ಎಂದು ಗುರುತಿಸಿದ ಮಕ್ಕಳು ಕಡಿಮೆ. ಕಣ್ಣು ಮುಚ್ಚಿಕೊಳ್ಳಲು ಕಲಿತವರಿಗೆ ಅನ್ಯಾಯವೂ ಕಾಣಲಿಲ್ಲ.

ಇನ್ನು ಯೋಚನೆಯ ವಿಷಯ. ಎಲಿಜಬೆತ್ ಬೊನಾವಿಟ್ಜ್ ಮತ್ತು ಜೊತೆಗಾರರು 2011ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಪ್ರತಿ ಅಂಗನವಾಡಿ ಕಾರ್ಯಕರ್ತೆಗೂ ಹೇಳಬೇಕು. ಅವರು ಕೊಳವೆಗಳನ್ನು ಜೋಡಿಸಿ ವಿಚಿತ್ರ ಆಟಿಕೆಯೊಂದನ್ನು ಮಾಡಿದರು. ಅದರಲ್ಲಿ ನಾಲ್ಕು ಗುಟ್ಟು: ಒಂದು ಕೊಳವೆ ಎಳೆದರೆ ಕೀಚ್ ಸದ್ದು, ಒಂದು ಕಡೆ ಒತ್ತಿದರೆ ದೀಪ, ಇನ್ನೊಂದೆಡೆ ಸಂಗೀತ, ಮತ್ತೊಂದರೊಳಗೆ ಕನ್ನಡಿ. ಕೆಲವು ಮಕ್ಕಳಿಗೆ ದೊಡ್ಡವರು ಮೇಡಂ ಗತ್ತಿನಲ್ಲಿ, ‘ನೋಡು, ಈ ಆಟಿಕೆ ಹೀಗೆ ಕೆಲಸ ಮಾಡುತ್ತೆ’ ಎಂದು ಕೀಚ್ ಅನಿಸಿ ತೋರಿಸಿದರು. ಇನ್ನು ಕೆಲವರ ಎದುರು ಆ ಸದ್ದು ಅಕಸ್ಮಾತ್ ಬಂದಂತೆ ನಟಿಸಿದರು. ಆಮೇಲೆ ಆಟಿಕೆಯನ್ನು ಮಕ್ಕಳ ಕೈಗಿಟ್ಟು ಬಿಟ್ಟರು.

ಪಾಠ ಹೇಳಿಸಿಕೊಂಡ ಮಕ್ಕಳು ಕೀಚ್ ಅನಿಸಿದರು, ಮತ್ತೆ ಕೀಚ್ ಅನಿಸಿದರು, ಬೇಗ ಬೇಸತ್ತರು. ಪಾಠವಿಲ್ಲದ ಮಕ್ಕಳು ತಿರುಗಿಸಿ, ಬಗ್ಗಿ ನೋಡಿ, ಉಳಿದ ಗುಟ್ಟುಗಳನ್ನು ಅವರಿಗಿಂತ ಹೆಚ್ಚಾಗಿ ಕಂಡುಕೊಂಡರು. ಮೊದಲ ಗುಂಪಿನ ಮಕ್ಕಳು ಪೆದ್ದರೇನೂ ಅಲ್ಲ. ‘ಇನ್ನೇನಾದರೂ ಇದ್ದಿದ್ದರೆ ಮೇಡಂ ಹೇಳುತ್ತಿದ್ದರು’ ಎಂಬ ಅವರ ತರ್ಕದಲ್ಲಿ ತಪ್ಪಿಲ್ಲ. ಪಾಠವೇ ಬೇಡ ಎಂದೂ ಇದರ ಅರ್ಥವಲ್ಲ. ಕೀಚ್ ಸದ್ದನ್ನು ಚೆನ್ನಾಗಿ ಕಲಿತದ್ದು ಪಾಠ ಕೇಳಿದ ಮಕ್ಕಳೇ. ಆದರೆ ‘ಇಷ್ಟೇ’ ಎಂಬ ಧಾಟಿಯಲ್ಲಿ ಹೇಳಿದ ಪಾಠ ಮಗುವಿನ ಹುಡುಕಾಟಕ್ಕೆ ಚಿಲಕ ಹಾಕುತ್ತದೆ. ‘ಇದೊಂದು ನನಗೆ ಗೊತ್ತು, ಬೇರೆ ಏನಿದೆಯೋ ನೋಡು’ ಎಂದರೆ ಚಿಲಕ ತೆಗೆದಂತೆ. ಇದೇ ಮಾತು ಮನುಷ್ಯರಿಗೂ ಅನ್ವಯ. ‘ಅವನು ಗಲಾಟೆ ಹುಡುಗ’ ಎಂದು ಮೇಡಂ ಮೊದಲ ವಾರವೇ ಹೇಳಿಬಿಟ್ಟರೆ, ಅವನು ಕೊಳಲು ಊದುತ್ತಾನೆ ಎಂಬುದನ್ನು ಉಳಿದ ಮಕ್ಕಳು ಕಂಡುಕೊಳ್ಳುವುದು ಯಾವಾಗ?

ಚಿಕ್ಕ ವಯಸ್ಸಿಗೆ ಇನ್ನೊಂದು ಅನುಕೂಲವಿದೆ. ತಿಮೋತಿ ಜರ್ಮನ್ ಮತ್ತು ಮಾರ್ಗರೆಟ್ ಡಿಫೈಟರ್ 2000ದಲ್ಲಿ ಮಕ್ಕಳಿಗೆ ಒಂದು ಸಮಸ್ಯೆ ಕೊಟ್ಟರು. ಎತ್ತರದ ಕಪಾಟಿಗೆ ಗೊಂಬೆ ಹತ್ತಬೇಕು, ಇಟ್ಟಿಗೆ ತುಂಡುಗಳು ಸಾಲುವುದಿಲ್ಲ. ಸಾಮಾನು ತುಂಬಿಟ್ಟ ಡಬ್ಬಿಯನ್ನು ಬರಿದು ಮಾಡಿ ಮೆಟ್ಟಿಲಾಗಿ ಬಳಸಿದರೆ ಮಾತ್ರ ದಾರಿ. ಐದು ವರ್ಷದವರಿಗೆ ಇದು ಚಟಕ್ಕನೆ ಹೊಳೆಯಿತು. ಆರು, ಏಳು ವರ್ಷದವರು ತಡಮಾಡಿದರು. ಡಬ್ಬಿ ಇರುವುದು ಸಾಮಾನು ತುಂಬಲು ಎಂಬುದು ಅವರ ತಲೆಯಲ್ಲಿ ಆಗಲೇ ಗಟ್ಟಿಯಾಗಿತ್ತು. ಒಂದನೇ ತರಗತಿಗೆ ಮುಂಚಿನ ವರ್ಷಗಳು ಎಷ್ಟು ಬೆಲೆಯುಳ್ಳವು ಎಂಬುದಕ್ಕೆ ಇದಕ್ಕಿಂತ ಚೊಕ್ಕ ಸಾಕ್ಷಿ ಬೇಕಿಲ್ಲ. ಆ ವರ್ಷಗಳನ್ನೇ ನಾವು ಅಕ್ಷರ ತಿದ್ದಿಸುವುದರಲ್ಲಿ ಕಳೆಯುತ್ತಿದ್ದೇವೆ.

ಅರವಿಂದ ಗುಪ್ತ ಅವರು ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳಿಂದ ಘನಾಕೃತಿಗಳನ್ನು ಕಟ್ಟಿಸಿದ್ದು ಈ ಹಾದಿಯಲ್ಲೇ. ಐಐಟಿ ಕಾನ್ಪುರದಲ್ಲಿ ಓದಿದ ಎಂಜಿನಿಯರ್, ಮಧ್ಯಪ್ರದೇಶದ ಹೋಶಂಗಾಬಾದ್ ಹಳ್ಳಿಗಳ ವಿಜ್ಞಾನ ಶಿಕ್ಷಣದ ಕೆಲಸಕ್ಕೆ ಬಂದು, ಕಸದಿಂದ ಆಟಿಕೆ ಮಾಡುವುದನ್ನೇ ಜೀವನದ ಕಸುಬು ಮಾಡಿಕೊಂಡರು; 2018ರಲ್ಲಿ ಪದ್ಮಶ್ರೀ ಬಂತು. ಬಿಸಾಡಿದ ವಸ್ತುವಿನಲ್ಲಿ ಎರಡನೇ ಬಳಕೆ ಹುಡುಕಿದ ಮಗುವಿಗೆ, ಬೇಡವೆಂದು ಬದಿಗೆ ಸರಿಸಿದ ಸಹಪಾಠಿಯಲ್ಲೂ ಏನೋ ಇದ್ದೀತು ಎನಿಸುವುದು ಸುಲಭ. ಇದು ಆಶಾವಾದ, ಒಪ್ಪಬೇಕು. ಆಟಿಕೆಯೊಂದರಿಂದಲೇ ಒಳ್ಳೆಯತನ ಬಂದುಬಿಡುವುದಿಲ್ಲ.

ಬರುವುದು ಒಡನಾಟದಿಂದ. ಅದಕ್ಕೆ ಸಾಕ್ಷಿ ದೂರದಲ್ಲಿಲ್ಲ, ದೆಹಲಿಯಲ್ಲಿದೆ. 2007ರಿಂದ ಅಲ್ಲಿನ ಅನೇಕ ಪ್ರತಿಷ್ಠಿತ ಖಾಸಗಿ ಶಾಲೆಗಳು ಶೇ 20ರಷ್ಟು ಸೀಟುಗಳನ್ನು ಬಡ ಮಕ್ಕಳಿಗೆ ಮೀಸಲಿಡಬೇಕಾಯಿತು. ಶ್ರೀಮಂತ ಮಕ್ಕಳ ಮೇಲೆ ಇದರ ಪರಿಣಾಮವನ್ನು ಅಧ್ಯಯನ ಮಾಡಿದವರು ಅರ್ಥಶಾಸ್ತ್ರಜ್ಞ ಗೌತಮ್ ರಾವ್. 2019ರಲ್ಲಿ ಅದು ಅಮೆರಿಕನ್ ಎಕನಾಮಿಕ್ ರಿವ್ಯೂ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರು ಮಾಡಿದ್ದು ರಿಲೇ ಓಟ. ಶ್ರೀಮಂತ ಮಕ್ಕಳು ತಮ್ಮ ತಂಡಕ್ಕೆ ಜೊತೆಗಾರನನ್ನು ಆರಿಸಬೇಕು. ಒಂದು ಕಡೆ ವೇಗವಾಗಿ ಓಡುವ ಬಡ ಹುಡುಗ, ಇನ್ನೊಂದು ಕಡೆ ನಿಧಾನದ ಸಿರಿವಂತ ಹುಡುಗ. ಗೆದ್ದರೆ ಹಣವಿದೆ, ಗರಿಷ್ಠ 500 ರೂಪಾಯಿ.

ಬಹುಮಾನ ದೊಡ್ಡದಾದಾಗ ಬಹುತೇಕ ಎಲ್ಲರೂ ವೇಗದ ಹುಡುಗನನ್ನೇ ಆರಿಸಿದರು. ಸಣ್ಣದಾದಾಗ ಕೆಲವರು ಸೋತರೂ ಪರವಾಗಿಲ್ಲ ಎಂದು ‘ತಮ್ಮವನ’ ಕಡೆ ಜಾರಿದರು. ಬಡ ಸಹಪಾಠಿಗಳೊಂದಿಗೆ ಓದುತ್ತಿದ್ದ ಮಕ್ಕಳಲ್ಲಿ ಈ ಜಾರುವಿಕೆ ಕಡಿಮೆಯಿತ್ತು. ಅವರು ಹಂಚಿಕೊಳ್ಳುವುದರಲ್ಲೂ ಧಾರಾಳಿಗಳಾಗಿದ್ದರು. ಕೆಲವು ಶಾಲೆಗಳಲ್ಲಿ ಓದಿನ ಗುಂಪುಗಳನ್ನು ಹೆಸರಿನ ಅಕ್ಷರಕ್ರಮದಲ್ಲಿ ಮಾಡುತ್ತಿದ್ದರು. ಹೀಗೆ ಕಾಕತಾಳೀಯವಾಗಿ ಬಡ ಮಗುವಿನ ಪಕ್ಕಕ್ಕೆ ಬಿದ್ದವರಲ್ಲಿ ಬದಲಾವಣೆ ಎದ್ದು ಕಂಡಿತು. ಒಂದೇ ಕಟ್ಟಡದಲ್ಲಿ ಇದ್ದರೆ ಸಾಲದು, ಒಂದೇ ಲೆಕ್ಕವನ್ನು ಕೂಡಿ ಬಿಡಿಸಬೇಕು. ಕಲಿಕೆ ಕೆಡುತ್ತದೆ ಎಂಬ ಪೋಷಕರ ಆತಂಕವನ್ನೂ ರಾವ್ ಪರಿಶೀಲಿಸಿದರು. ಇಂಗ್ಲಿಷಿನ ಅಂಕದಲ್ಲಿ ಅಲ್ಪ ಇಳಿಕೆ ಬಿಟ್ಟರೆ ಗಣಿತ, ಹಿಂದಿಯಲ್ಲಿ ನಷ್ಟ ಕಾಣಲಿಲ್ಲ.

ಕರ್ನಾಟಕದ ಓದುಗರಿಗೆ ಇಲ್ಲೊಂದು ಕಹಿ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳ ಆರಂಭದ ತರಗತಿಯಲ್ಲಿ ಶೇ 25ರಷ್ಟು ಸೀಟು ಕೊಡಿಸಿತ್ತು. ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಗೆ ಈ ಹೊಣೆ ಇಲ್ಲ ಎಂದು ರಾಜ್ಯ ನಿಯಮ ಬದಲಿಸಿತು. 2019ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಸರ್ಕಾರಿ ಶಾಲೆ ಉಳಿಯಬೇಕೆಂಬ ವಾದದಲ್ಲಿ ಹುರುಳಿದೆ. ಆದರೆ ಬೇರೆ ಬೇರೆ ಮನೆಯ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ಅವಕಾಶ ಹೋಯಿತಲ್ಲ, ಅದರ ಬದಲು ಏನು ಎಂದು ಯಾರೂ ಕೇಳಲಿಲ್ಲ.

ಸರ್ಕಾರಿ ಶಾಲೆಗಳ ಬಳಿ ಒಂದು ಒಳ್ಳೆಯ ಸಾಧನ ಈಗಾಗಲೇ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿವ್ಯಾಲಿಯ ಮಾದರಿ ನೋಡಿ ಬಂದ ಶಿಕ್ಷಕರು ಯುನಿಸೆಫ್ ನೆರವಿನಿಂದ ಶುರು ಮಾಡಿದ ನಲಿ-ಕಲಿ. ಅಲ್ಲಿ ಬೆಂಚಿಲ್ಲ, ಮುಂದಿನ ಸಾಲು ಹಿಂದಿನ ಸಾಲು ಎಂಬುದಿಲ್ಲ. ಬೇರೆ ಬೇರೆ ತರಗತಿಯ ಮಕ್ಕಳು ನೆಲದ ಮೇಲೆ ದುಂಡಗೆ ಕೂರುತ್ತಾರೆ. ಕಲಿಕಾ ಏಣಿಯಲ್ಲಿ ಯಾರು ಎಲ್ಲಿದ್ದಾರೋ ಅಲ್ಲಿಂದ ಮುಂದೆ. ಇವತ್ತು ಜೊತೆಯಲ್ಲಿದ್ದವರು ಮುಂದಿನ ವಾರ ಬೇರೆ ಗುಂಪಿನಲ್ಲಿ. ಮಕ್ಕಳ ಚಿತ್ರ, ಕಾಗದದ ಕೆಲಸ ಎಲ್ಲ ತರಗತಿಯೊಳಗೆ ಕಟ್ಟಿದ ಚಪ್ಪರದ ದಾರಕ್ಕೆ ತೂಗುತ್ತವೆ, ಒಳ್ಳೆಯದು ಕೆಟ್ಟದ್ದು ಎಂಬ ವಿಂಗಡಣೆಯಿಲ್ಲದೆ. ಒಬ್ಬರೇ ಶಿಕ್ಷಕಿ, ಹತ್ತಾರು ದಾಖಲೆ, ನಡುವೆ ತರಬೇತಿ ಎಂದಾದಲ್ಲಿ ಇದೂ ಕಾರ್ಡ್ ಎತ್ತಿಡುವ ಯಾಂತ್ರಿಕ ಕೆಲಸವಾಗಿದೆ ಎಂಬ ದೂರು ಸುಳ್ಳಲ್ಲ. ಆದರೆ ಕೂರುವ ಕ್ರಮವೇ ಅರ್ಧ ಪಾಠ ಎಂಬುದನ್ನು ಅರಿತವರು ಮಾಡಿದ ವ್ಯವಸ್ಥೆ ಅದು.

ಚಪ್ಪರಕ್ಕೆ ತೂಗಿದ್ದಕ್ಕೆಲ್ಲ ಬಹುಮಾನ ಕೊಡಬೇಕೇ? ಬೇಡ. ಸ್ಟ್ಯಾನ್‌ಫರ್ಡ್‌ನ ನರ್ಸರಿ ಶಾಲೆಯಲ್ಲಿ ಮಾರ್ಕ್ ಲೆಪ್ಪರ್ ತಂಡ ನಡೆಸಿದ, 1973ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಚಿತ್ರ ಬರೆದರೆ ಪ್ರಮಾಣಪತ್ರ ಕೊಡುತ್ತೇವೆಂದು ಮೊದಲೇ ಆಸೆ ತೋರಿಸಿದ ಮಕ್ಕಳು ಮುಂದೆ ಬಿಡುವಿನ ವೇಳೆಯಲ್ಲಿ ಚಿತ್ರ ಬರೆಯುವುದನ್ನೇ ಕಡಿಮೆ ಮಾಡಿದ್ದರು. ಖುಷಿಗೆ ಬರೆಯುತ್ತಿದ್ದವರಿಗೆ ಅದು ಕೂಲಿಯಾಯಿತು. ಸ್ಟಾರ್ ಅಂಟಿಸುವ ಮೇಡಂಗಳು ಇದನ್ನು ಗಮನಿಸಬೇಕು.

ಇನ್ನು ಕಥೆಗಳು. ರೂಪ ನೋಡಿ ಅಳೆಯಬಾರದು ಎನ್ನಲು ನಮ್ಮ ಇಂಗ್ಲಿಷ್ ಮಾಧ್ಯಮದ ಶಾಲೆಗಳು ಥಟ್ಟನೆ ಎತ್ತಿಕೊಳ್ಳುವುದು ಆಂಡರ್ಸನ್ 1843ರಲ್ಲಿ ಪ್ರಕಟಿಸಿದ ಕುರೂಪಿ ಬಾತುಮರಿಯ ಕಥೆ. ಕಥೆ ಚೆನ್ನಾಗಿದೆ, ಪಾಠ ಮಾತ್ರ ತಿರುಗುಮುರುಗು. ಮರಿಗೆ ಕೊನೆಯಲ್ಲಿ ಮರ್ಯಾದೆ ಸಿಗುವುದು ಅದು ಚೆಲುವಾದ ಹಂಸವಾದ ಮೇಲೆ. ಬಾತುಕೋಳಿಯಾಗಿಯೇ ಉಳಿದಿದ್ದರೆ ಅದರ ಗತಿ?

ಇದಕ್ಕಿಂತ ಗಟ್ಟಿ ಕಥೆ ನಮ್ಮಲ್ಲೇ ಇದೆ. ಕನಕದಾಸರ ‘ರಾಮಧಾನ್ಯ ಚರಿತ್ರೆ’. ಮುನಿಗಳ ಆಶ್ರಮದಲ್ಲಿ ಶ್ರೇಷ್ಠ ಧಾನ್ಯ ಯಾವುದೆಂಬ ಮಾತು ಬಂದು, ಅಕ್ಕಿಗೂ ರಾಗಿಗೂ ಜಗಳ ಹತ್ತುತ್ತದೆ. ಬೆಳ್ಳಗಿನ ಅಕ್ಕಿಗೆ ತನ್ನ ಕುಲ, ತನ್ನ ಪೂಜೆ, ತನ್ನ ಶುಭಕಾರ್ಯಗಳ ಜಂಬ. ಕಪ್ಪು ರಾಗಿ ಬಡವರ ಊಟ. ರಾಮ ತೀರ್ಪನ್ನು ಕೂಡಲೇ ಕೊಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದಾಗ ಅಕ್ಕಿ ಸೊರಗಿದೆ, ರಾಗಿ ಹಾಗೇ ಇದೆ. ರಾಘವನ ಹೆಸರನ್ನೇ ಪಡೆದು ರಾಗಿ ಹೊರಬರುತ್ತದೆ. ಇಲ್ಲಿ ರಾಗಿ ಕೊನೆಗೆ ಬೆಳ್ಳಗಾಗುವುದಿಲ್ಲ. ಕಪ್ಪಾಗಿಯೇ ಗೆಲ್ಲುತ್ತದೆ.

ಈ ಕಥೆಯನ್ನು ಮಕ್ಕಳಿಗೆ ಹೇಳುವವರು ಜಗಳದ ಜಾಗದಲ್ಲಿ ಪುಸ್ತಕ ಮುಚ್ಚಬೇಕು. ‘ಈಗ ರಾಮ ನೀವೇ. ಹೇಗೆ ತೀರ್ಮಾನ ಮಾಡುತ್ತೀರಿ?’ ಎನ್ನಬೇಕು. ತೂಗಿ ನೋಡೋಣ, ಬೇಯಿಸಿ ಉಣ್ಣೋಣ, ಎರಡನ್ನೂ ಬಿತ್ತಿ ಮಳೆ ಬರದಿದ್ದರೆ ಯಾವುದು ಉಳಿಯುತ್ತೆ ನೋಡೋಣ, ಹಸುವನ್ನು ಕೇಳೋಣ. ಮಕ್ಕಳಿಂದ ಏನು ಬೇಕಾದರೂ ಬರಬಹುದು. ಒಂದನ್ನೂ ತಪ್ಪೆನ್ನದೆ ಬೋರ್ಡಿನ ಮೇಲೆ ಬರೆಯಬೇಕು. ಬಳಿಕ ಕನಕದಾಸರ ರಾಮನ ಉಪಾಯವನ್ನು ನಿಜವಾಗಿಯೇ ಮಾಡಬಹುದು: ಎರಡು ಡಬ್ಬಿ, ಒಂದರಲ್ಲಿ ಅಕ್ಕಿ, ಇನ್ನೊಂದರಲ್ಲಿ ರಾಗಿ, ತರಗತಿಯ ಮೂಲೆಯಲ್ಲಿ ಆರು ತಿಂಗಳು. ಅಕ್ಕಿಗೆ ಹುಳ ಯಾವಾಗ ಬಿತ್ತು ಎಂದು ಮಕ್ಕಳೇ ಬರೆದಿಡಲಿ. ಹಳೇ ಮೈಸೂರಿನ ಅಜ್ಜಂದಿರು ರಾಗಿಯನ್ನು ಹಗೇವಿನಲ್ಲಿ ತುಂಬಿ ವರ್ಷಗಟ್ಟಲೆ ಇಡುತ್ತಿದ್ದುದನ್ನು ಯಾರಾದರೂ ಬಂದು ಹೇಳಲಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಹತ್ತನೇ ಒಂದು ಭಾಗವೂ ಇಲ್ಲ. 2024ರಿಂದ ಸರ್ಕಾರಿ ಶಾಲೆಯ ಮಕ್ಕಳಿಗೆ ಹಾಲಿನೊಂದಿಗೆ ರಾಗಿ ಮಾಲ್ಟ್ ಸಿಗುತ್ತಿರುವುದರಿಂದ ಕಥೆಯ ನಾಯಕ ಲೋಟದಲ್ಲೇ ಇದ್ದಾನೆ.

ಕರಾವಳಿಯ ಮಕ್ಕಳಿಗೆ ಇನ್ನೊಂದು ಪಾಠಶಾಲೆ ಇದೆ, ಯಕ್ಷಗಾನದ ಚೌಕಿ. ರಂಗದ ಮೇಲೆ ಬಣ್ಣದ ವೇಷ ಅಬ್ಬರಿಸುತ್ತ ಬಂದಾಗ ಚಿಕ್ಕ ಮಕ್ಕಳು ಅಮ್ಮನ ಸೆರಗಿಗೆ ಮುಖ ಹುದುಗಿಸುತ್ತಾರೆ. ಅದೇ ಮಗುವನ್ನು ಸಂಜೆಯೇ ಚೌಕಿಗೆ ಕರೆದೊಯ್ದರೆ, ರಾಕ್ಷಸ ಇನ್ನೂ ಹುಟ್ಟಿರುವುದಿಲ್ಲ. ಬನಿಯನ್ ತೊಟ್ಟ ಕಲಾವಿದರೊಬ್ಬರು ಕನ್ನಡಿ ಹಿಡಿದು ಕೂತು, ಅಕ್ಕಿಹಿಟ್ಟು ಸುಣ್ಣ ಕಲಸಿದ್ದನ್ನು ಕಡ್ಡಿಯ ತುದಿಯಲ್ಲಿ ತೆಗೆದು ಕೆನ್ನೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಚಿಟ್ಟಿ ಇಡುತ್ತಿರುತ್ತಾರೆ. ಗಂಟೆಗಟ್ಟಲೆಯ ಕೆಲಸ. ನಡುವೆ ಚಹಾ ಬರುತ್ತದೆ, ತುಟಿಯ ಬಣ್ಣ ಕದಡದಂತೆ ಹೀರುತ್ತಾರೆ, ‘ಎಂಥದಾ ಮಗಾ, ಹೆದರಿಕೆ ಆಗ್ತದಾ?’ ಎನ್ನುತ್ತಾರೆ. ಭಯಂಕರ ಮುಖ ಎಂಬುದು ಒಬ್ಬರು ತಾಳ್ಮೆಯಿಂದ ಮಾಡಿದ ಕಲೆ ಎಂದು ಕಂಡ ಮಗು ಆ ರಾತ್ರಿ ರಾಕ್ಷಸನನ್ನು ಬೇರೆ ಕಣ್ಣಿನಿಂದ ನೋಡುತ್ತದೆ. ತೆಂಕುತಿಟ್ಟಿನಲ್ಲಿ ಬಣ್ಣದ ವೇಷ ಮಾಡುವವರಿಗೆ ಮೇಳದಲ್ಲಿ ದೊಡ್ಡ ಗೌರವವಿದೆ.

ಶಾಲಾ ವಾರ್ಷಿಕೋತ್ಸವದಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಬೆಳ್ಳಗಿನ ಮಗು ಕೃಷ್ಣ, ಕಪ್ಪಗಿನದು ಕಂಸ, ದಪ್ಪಗಿದ್ದವನು ಕುಂಭಕರ್ಣ. ಕೃಷ್ಣನ ಮೈಬಣ್ಣ ಮೋಡದಂತಿತ್ತು ಎಂದು ಹಾಡುವ ಊರಿನಲ್ಲೇ ಕೃಷ್ಣವೇಷಕ್ಕೆ ಪೌಡರ್ ಬಳಿಯುತ್ತಾರೆ. ಪಾತ್ರಗಳ ಹೆಸರನ್ನು ಚೀಟಿಯಲ್ಲಿ ಬರೆದು ಡಬ್ಬಿಯಿಂದ ಎತ್ತಿಸಿದರೆ ಏನಾಗುತ್ತದೆ? ನಾಟಕ ಕೆಡುವುದಿಲ್ಲ. ಕಡ್ಡಿಯಂಥ ಹುಡುಗ ಕುಂಭಕರ್ಣನಾಗಿ ಹೇಗೆ ಗೊರಕೆ ಹೊಡೆಯಬೇಕು ಎಂದು ಯೋಚಿಸತೊಡಗಿದಾಗಲೇ ನಿಜವಾದ ನಟನೆ ಶುರು.

ಇಷ್ಟೆಲ್ಲವನ್ನೂ ಒಟ್ಟಿಗೆ ಮಾಡಿ ತೋರಿಸಿದ ಮೇಷ್ಟ್ರೊಬ್ಬರಿದ್ದರು. ಟೋಕಿಯೊದಲ್ಲಿ 1937ರಲ್ಲಿ ತೊಮೊಯೆ ಗಾಕುಯೆನ್ ಶಾಲೆ ತೆರೆದ ಸೊಸಾಕು ಕೊಬಯಾಶಿ. ಹಳೆಯ ರೈಲು ಬೋಗಿಗಳೇ ತರಗತಿ. ಇವತ್ತು ಯಾವ ಪಾಠದಿಂದ ಶುರು ಮಾಡಬೇಕೆಂಬುದು ಮಕ್ಕಳ ಆಯ್ಕೆ. 1945ರ ಬಾಂಬ್ ದಾಳಿಯಲ್ಲಿ ಶಾಲೆ ಸುಟ್ಟುಹೋಯಿತು. ಅದರ ವಿದ್ಯಾರ್ಥಿನಿ ತೆತ್ಸುಕೊ ಕುರೊಯನಾಗಿ 1981ರಲ್ಲಿ ಬರೆದ ‘ತೊತ್ತೊ-ಚಾನ್’ ಕನ್ನಡಕ್ಕೂ ಬಂದಿದೆ. ಅನೇಕ ಶಿಕ್ಷಕರ ಮನೆಯಲ್ಲಿ ಆ ಪುಸ್ತಕವಿದೆ. ಅದರೊಳಗಿನ ಕ್ರೀಡಾದಿನದ ಅಧ್ಯಾಯವನ್ನು ಮತ್ತೊಮ್ಮೆ ತೆಗೆದು ಓದುವುದು ಒಳ್ಳೆಯದು.

ತಕಾಹಾಶಿ ಎಂಬ ಹುಡುಗನ ದೇಹ ಬೆಳೆಯುವುದು ನಿಂತಿತ್ತು, ಕೈಕಾಲು ಗಿಡ್ಡ. ಅಂಥ ಮಗುವಿಗೆ ಕ್ರೀಡಾದಿನವೆಂದರೆ ಎಲ್ಲರೆದುರು ಸೋಲುವ ದಿನ. ಕೊಬಯಾಶಿ ಅವನ ಬಗ್ಗೆ ಭಾಷಣ ಮಾಡಲಿಲ್ಲ, ಕನಿಕರ ತೋರಿಸಿ ಎಂದೂ ಹೇಳಲಿಲ್ಲ. ಆಟಗಳನ್ನೇ ಬದಲಿಸಿದರು. ಬಟ್ಟೆಯಲ್ಲಿ ಹೊಲಿದ ಉದ್ದನೆಯ ಮೀನಿನ ಬಾಯಿಂದ ತೂರಿ ಬಾಲದಿಂದ ಹೊರಬರುವ ಓಟ. ದೊಡ್ಡ ಮೈಯವರು ಒಳಗೆ ಸಿಕ್ಕಿಕೊಂಡು ಒದ್ದಾಡುತ್ತಿರುವಾಗ ತಕಾಹಾಶಿ ಸರಕ್ಕನೆ ಹೊರಬಂದ. ಸಭಾಂಗಣದ ಮೆಟ್ಟಿಲುಗಳನ್ನು ಒಂದೊಂದಾಗಿಯೇ ಏರುವ ರಿಲೇ. ಮೆಟ್ಟಿಲು ತಗ್ಗು, ಉದ್ದ ಕಾಲಿನವರು ತಡವರಿಸಿದರು, ಗಿಡ್ಡ ಕಾಲಿನವನು ಹಾರಿಹೋದ. ಅವನು ಒಂದಾದ ಮೇಲೊಂದು ಆಟ ಗೆದ್ದ. ಬಹುಮಾನವಾಗಿ ಮೇಷ್ಟ್ರು ಕೊಟ್ಟದ್ದು ತರಕಾರಿ: ಮೂಲಂಗಿ, ಗೆಡ್ಡೆ, ಸೊಪ್ಪಿನ ಕಟ್ಟು.

ನಮ್ಮ ಶಾಲೆಗಳಲ್ಲೂ ಕ್ರೀಡಾದಿನ ಬರುತ್ತದೆ. ನೂರು ಮೀಟರ್, ಲಾಂಗ್ ಜಂಪ್, ನಿಂಬೆಹಣ್ಣು ಚಮಚ, ಗೋಣಿಚೀಲದ ಓಟ. ಗೆಲ್ಲುವವರು ಯಾರೆಂಬುದು ಆಟಕ್ಕೆ ಮುಂಚೆಯೇ ಊರಿಗೆಲ್ಲ ಗೊತ್ತು. ಪಿ.ಟಿ. ಮೇಷ್ಟ್ರುಗಳಲ್ಲಿ, ಎಸ್‌ಡಿಎಂಸಿ ಸದಸ್ಯರಲ್ಲಿ ಒಂದು ವಿನಂತಿ. ಈ ಸಲ ಆ ಪಟ್ಟಿಗೆ ಒಂದೇ ಒಂದು ಹೊಸ ಆಟ ಸೇರಿಸಿ. ಇದುವರೆಗೆ ಯಾವ ಸ್ಪರ್ಧೆಯಲ್ಲೂ ಗೆಲ್ಲದ ಮಗು ಗೆಲ್ಲಬಲ್ಲ ಆಟವಾಗಿರಲಿ, ಆ ಮಗುವಿನ ಹೆಸರನ್ನು ಮಾತ್ರ ಯಾರಿಗೂ ಹೇಳಬೇಡಿ. ಆಟವನ್ನು ನೀವು ಕಟ್ಟುವ ಬದಲು, ವಾರ ಮುಂಚೆ ಮೂರನೇ ತರಗತಿಯ ಮಕ್ಕಳಿಗೆ ಹಗ್ಗ, ಹಳೆಯ ಸೀರೆ, ನಾಲ್ಕು ಬಕೆಟ್ ಕೊಟ್ಟು ಕಟ್ಟಲು ಹೇಳಿದರೆ ಇನ್ನೂ ಒಳ್ಳೆಯದು. ಬಹುಮಾನಕ್ಕೆ ಸ್ಟೀಲ್ ಲೋಟವೇ ಆಗಬೇಕೆಂದಿಲ್ಲ, ಸಂತೆಯಲ್ಲಿ ಸಿಗುವ ಮೂಲಂಗಿ ಆದೀತು.